ಎಸ್‌ಎಸ್ 100: ಅಸಲಿಯನ್ನು ಗುರುತಿಸುವುದು ಹೇಗೆ?

ಇಂಗ್ಲೆಂಡಿನಲ್ಲಿರುವ ಓದುಗರೊಬ್ಬರ ಪತ್ರದ ಸಾರ: “ಹಳೆಯ ಕಾರುಗಳ ಮೇಳದಲ್ಲಿ ಎಸ್‌ಎಸ್ ಜಾಗ್ವಾರ್ 100 ಎಂಬ ಎರಡು ಸೀಟಿನ, ಟಾಪ್ ಮಡಚುವ ಕಾರು ಕಂಡೆ. ಹಿಟ್ಲರನ ಎಸ್‌ಎಸ್ ಪಡೆಗೂ ಈ ಹೆಸರಿಗೂ ನಂಟಿದೆಯೇ? ಅಸಲಿಯೋ ನಕಲೋ ತಿಳಿಯುವುದು ಹೇಗೆ?”

ಸಂಪಾದಕರ ಉತ್ತರ: ನಂಟು ಏನೇನೂ ಇಲ್ಲ. ವಿಲಿಯಂ ಲಯನ್ಸ್ ಮತ್ತು ವಿಲಿಯಂ ವಾಮ್ಸ್‌ಲಿ 1922ರಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಶುರುಮಾಡಿದ್ದು ಸ್ವಾಲೋ ಎಂಬ, ಮೋಟರ್ ಸೈಕಲ್ಲಿನ ಪಕ್ಕಕ್ಕೆ ಜೋಡಿಸುವ ಸೈಡ್‌ಕಾರ್ ಕಂಪನಿ. ಆಮೇಲೆ ಕವೆಂಟ್ರಿಗೆ ಬಂದು, ಸ್ಟ್ಯಾಂಡರ್ಡ್ ಕಂಪನಿಯ ಎಂಜಿನ್ ಹಾಕಿ, ತಮ್ಮದೇ ಬಾಡಿ ಕೂರಿಸಿ 1931ರಲ್ಲಿ ‘ಎಸ್‌ಎಸ್’ ಕಾರು ತಂದರು. ಅದು ಸ್ಟ್ಯಾಂಡರ್ಡ್ ಸ್ವಾಲೋನೋ, ಸ್ವಾಲೋ ಸ್ಪೆಷಲ್ಲೋ ಎಂಬುದರಲ್ಲಿ ಒಮ್ಮತ ಮೂಡಲೇ ಇಲ್ಲ. ಯುದ್ಧದಲ್ಲಿ ಆ ಎರಡಕ್ಷರಕ್ಕೆ ಅಂಟಿದ ಕಳಂಕದಿಂದಾಗಿಯೇ ಕಂಪನಿ 1945ರಲ್ಲಿ ಜಾಗ್ವಾರ್ ಕಾರ್ಸ್ ಎಂದು ಹೆಸರು ಬದಲಿಸಿಕೊಂಡಿತು.

ಈ ಕಾರಿನ ಅಂದವನ್ನು ಎಲ್ಲರೂ ಹೊಗಳುತ್ತಾರೆ. ನಮಗೆ ಅದಕ್ಕಿಂತ ದೊಡ್ಡದೆನಿಸುವುದು ಅದರ ಸಿಲಿಂಡರ್ ಹೆಡ್, ಅಂದರೆ ಎಂಜಿನ್ನಿನ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ. 1935ರ ಎಸ್‌ಎಸ್ 90 ನೋಡಲು ಹೆಚ್ಚುಕಡಿಮೆ ಹೀಗೇ ಇತ್ತು. ಆದರೆ ಇಂಧನ ಬೆರೆತ ಗಾಳಿಯನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿದ್ದ ಅದರ 2,663 ಸಿಸಿ ಎಂಜಿನ್ 70 ಅಶ್ವಶಕ್ತಿಯ ಆಸುಪಾಸಿನಲ್ಲೇ ಸುಸ್ತಾಗುತ್ತಿತ್ತು. ಎಂಜಿನ್ ತಜ್ಞ ಹ್ಯಾರಿ ವೆಸ್ಲೇಕ್ ವಾಲ್ವ್‌ಗಳನ್ನು ಮೇಲಕ್ಕೆ ತಂದು ಹೊಸ ಹೆಡ್ ರೂಪಿಸಿದರು. ಇದರಿಂದ ಅಷ್ಟೇ ಸಿಸಿಯ ಎಸ್‌ಎಸ್ 100 ಎಂಜಿನ್ನಿನ ಶಕ್ತಿ ನೂರು ದಾಟಿತು. 1938ರ ಮಾದರಿಗೆ ಬಂದ 3,485 ಸಿಸಿ ಎಂಜಿನ್ 125 ಅಶ್ವಶಕ್ತಿ ಕೊಡುತ್ತಿತ್ತು, ಗಂಟೆಗೆ ನೂರು ಮೈಲಿ ಮುಟ್ಟುತ್ತಿತ್ತು. ಆಗಿನ ಬೆಲೆ 445 ಪೌಂಡ್. ಚಿಕ್ಕ ಎಂಜಿನ್ನಿನದು 395. ಎರಡೂ ಸೇರಿ ತಯಾರಾದದ್ದು ಮುನ್ನೂರಕ್ಕೆ ತುಸು ಮೇಲೆ ಅಷ್ಟೆ. ಹಾಗಾಗಿಯೇ ನಕಲುಗಳಿಗೆ ಬರವಿಲ್ಲ.

ಲ್ಯೂಕಸ್ ಕಂಪನಿಯ ದೊಡ್ಡ ಹೆಡ್‌ಲೈಟು, ಉದ್ದ ಬಾನೆಟ್ಟು ನೋಡಿ ಮಾರುಹೋಗಬೇಡಿ. ಮುಂಚಕ್ರದ ಬಳಿ ಕೂತು ಬಗ್ಗಿ ನೋಡಿ. ಅಸಲಿಯಲ್ಲಿ ಈ ಕಡೆಯಿಂದ ಆ ಕಡೆಗೆ ಒಂದೇ ಗಟ್ಟಿ ಆ್ಯಕ್ಸಲ್, ಅದಕ್ಕೆ ಪಟ್ಟಿ ಸ್ಪ್ರಿಂಗು ಇರುತ್ತವೆ. ಬ್ರೇಕಿಗೆ ಆಯಿಲ್ ಪೈಪ್ ಇರುವುದಿಲ್ಲ, ಗರ್ಲಿಂಗ್ ಕಂಪನಿಯ ಕಬ್ಬಿಣದ ಸರಳುಗಳೇ ಚಕ್ರದೊಳಗಿನ ಬ್ರೇಕ್ ಡ್ರಮ್ಮಿನವರೆಗೆ ಹೋಗುತ್ತವೆ. ಡಿಸ್ಕ್ ಬ್ರೇಕು, ಎಡಬಲದ ಚಕ್ರಗಳು ಒಂದಕ್ಕೊಂದು ಅಂಟದೆ ಏಳುಬೀಳುವ ಸಸ್ಪೆನ್ಷನ್ನು ಕಂಡರೆ ಅದು ಎಷ್ಟೋ ವರ್ಷ ಬಿಟ್ಟು ಬಂದ ಜಾಗ್ವಾರ್‌ಗಳ ಬಿಡಿಭಾಗದಿಂದ ಕಟ್ಟಿದ ಪ್ರತಿಕೃತಿ.

ಅಸಲಿಯಾದರೂ ಬಾಗಿಲು ತೆರೆದು ಮುಚ್ಚಿ ನೋಡಿ. ಲೋಹದ ತಗಡಿನೊಳಗಿರುವುದು ಆ್ಯಶ್ ಮರದ ಚೌಕಟ್ಟು. ಬಾಗಿಲಿನ ಕಂಬದ ಬುಡದಲ್ಲಿ ನೀರು ನಿಂತು ಮರ ಕೊಳೆತರೆ ಬಾಗಿಲು ಜೋತುಬೀಳುತ್ತದೆ, ಲಾಕ್ ಕೂರಲು ಅದನ್ನು ಎತ್ತಿ ಮುಚ್ಚಬೇಕಾಗುತ್ತದೆ. ಮೇಲೆ ಬಣ್ಣ ಹೊಡೆದರೆ ಇದು ಮುಚ್ಚಿಹೋಗದು.

ಬ್ರೇಕು ಸಡಿಲವಾದಾಗ ಸರಳನ್ನೇ ಗಿಡ್ಡ ಮಾಡಿ ಬಿಗಿಮಾಡುವುದು ಹಲವರು ಮಾಡುವ ತಪ್ಪು. ಹಾಗೆ ಮಾಡಿದರೆ ಸರಳು ಎಳೆಯುವ ಲಿವರಿನ ಕೋನ ಕೆಟ್ಟು ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಚಕ್ರ ಎತ್ತಿ, ಡ್ರಮ್ಮಿನ ಹಿಂದಿನ ತಟ್ಟೆಯಲ್ಲಿರುವ ಚೌಕ ತಲೆಯ ಅಡ್ಜಸ್ಟರನ್ನು, ಡ್ರಮ್ಮನ್ನು ಒಳಗಿನಿಂದ ಒತ್ತುವ ಬ್ರೇಕ್ ಶೂ ಬಿಗಿಯಾಗುವತನಕ ತಿರುಗಿಸಿ, ಚಕ್ರ ಸಲೀಸಾಗಿ ತಿರುಗುವಂತೆ ಒಂದೆರಡು ಕ್ಲಿಕ್ ಹಿಂದಕ್ಕೆ ಬಿಡಬೇಕು.

ಕೊಳ್ಳುವ ಮನಸ್ಸಿದ್ದರೆ ಕಾರಿನ ಫಲಕದಲ್ಲಿರುವ ಚಾಸಿ ನಂಬರನ್ನು ಚಾಸಿಯ, ಅಂದರೆ ಕಾರಿನಡಿಯ ಲೋಹದ ಚೌಕಟ್ಟಿನ, ಮೇಲೆ ಕೊರೆದಿರುವ ನಂಬರಿಗೆ ತಾಳೆ ನೋಡಿ. ಕಂಪನಿಯ ಹಳೆಯ ದಾಖಲೆಗಳ ಆಧಾರದಲ್ಲಿ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಪ್ರಮಾಣಪತ್ರ ಕೊಡುತ್ತದೆ. ಮೂಲ ಎಂಜಿನ್ ನಂಬರೂ ಬಣ್ಣವೂ ಅದರಲ್ಲಿರುತ್ತವೆ. ಮುಂಗಡ ಕೊಡುವ ಮೊದಲೇ ಮಾರುವವರಿಂದ ಅದನ್ನು ಕೇಳಿ ಪಡೆಯಿರಿ.