ಓಟಿಯ ಹೊಗೆ: ಮಾಸ್ಕ್ ಒಂದೇ ಸಾಕಾ?

ಪ್ರಶ್ನೆ: ನಾನು ಮಂಡ್ಯದ ಒಂದು ನರ್ಸಿಂಗ್ ಹೋಮ್‌ನಲ್ಲಿ ಓಟಿ (ಆಪರೇಷನ್ ಥಿಯೇಟರ್) ಸಿಸ್ಟರ್. ಬೆಳಿಗ್ಗೆಯಿಂದ ಸಂಜೆವರೆಗೆ ಕಾಟರಿ (ಕರೆಂಟಿನಿಂದ ಅಂಗಾಂಶ ಸುಟ್ಟು ಕತ್ತರಿಸುವ, ರಕ್ತ ನಿಲ್ಲಿಸುವ ಉಪಕರಣ) ಹೊಗೆಯಲ್ಲೇ ನಿಂತಿರುತ್ತೇನೆ. ದೊಡ್ಡ ಕೇಸ್ ಇದ್ದ ದಿನ ಮನೆಗೆ ಹೋದ ಮೇಲೂ ಮೂಗಿನಲ್ಲಿ ಅದೇ ಸುಟ್ಟ ವಾಸನೆ, ತಲೆನೋವು, ಗಂಟಲು ಕೆರೆತ. ಸರ್ಜನ್‌ಗೆ ಹೇಳಿದರೆ ‘ಮಾಸ್ಕ್ ಹಾಕಿದ್ದೀರಲ್ಲ, ಏನಾಗಲ್ಲ’ ಅಂತಾರೆ. ನಿಜವಾಗಲೂ ಏನೂ ಆಗಲ್ವಾ ಡಾಕ್ಟ್ರೇ? ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಓದಿ ಭಯವಾಗಿದೆ.
– ಹೆಸರು ಬೇಡ, ಮಂಡ್ಯ

ಉತ್ತರ: ಸಿಸ್ಟರ್, ಮೊದಲು ಆ ಮಾಸ್ಕ್ ವಿಷಯ. ನೀವು ಕಟ್ಟಿಕೊಳ್ಳುವ ಸರ್ಜಿಕಲ್ ಮಾಸ್ಕ್ ನಿಮ್ಮ ಬಾಯಿಯ ಹನಿ ರೋಗಿಯ ಗಾಯಕ್ಕೆ ಬೀಳದಿರಲಿ, ರಕ್ತ ಚಿಮ್ಮಿದರೆ ನಿಮ್ಮ ಬಾಯಿಗೆ ತಾಗದಿರಲಿ ಅಂತ ಇರುವುದು. ಹೊಗೆ ತಡೆಯುವುದು ಅದರ ಕೆಲಸವೇ ಅಲ್ಲ. ಕಾಟರಿ ಹೊಗೆಯ ಕಣ ಸರಾಸರಿ 0.07 ಮೈಕ್ರಾನ್, ಅಂದರೆ ಕೂದಲೆಳೆಯ ದಪ್ಪದಲ್ಲಿ ಸುಮಾರು ಸಾವಿರದ ಒಂದು ಪಾಲು. ಮಾಸ್ಕಿನ ಬಟ್ಟೆಯನ್ನು ದಾಟುವುದಿರಲಿ, ಕೆನ್ನೆ ಪಕ್ಕದ ಸಂದಿಯಿಂದಲೇ ಆರಾಮಾಗಿ ಒಳಗೆ ಬರುತ್ತದೆ. ವಾಸನೆ ಬರುತ್ತಿದೆ ಅಂದರೆ ನೀವು ಅದನ್ನು ಉಸಿರಾಡುತ್ತಿದ್ದೀರಿ, ಅಷ್ಟೇ.

ಆ ಹೊಗೆಯಲ್ಲಿ ಶೇ. 95ರಷ್ಟು ಬರೀ ನೀರಿನ ಆವಿ. ತಕರಾರು ಇರುವುದು ಉಳಿದ 5ರಲ್ಲಿ. ಬೆಂಜೀನ್, ಟಾಲ್ವೀನ್, ಫಾರ್ಮಾಲ್ಡಿಹೈಡ್, ಹೈಡ್ರೋಜನ್ ಸಯನೈಡ್, ಕಾರ್ಬನ್ ಮಾನಾಕ್ಸೈಡ್, ಜತೆಗೆ ಸುಟ್ಟ ಅಂಗಾಂಶದ ಚೂರು, ಕೆಲವು ಸಲ ವೈರಸ್ಸಿನ ಡಿಎನ್ಎ ಕೂಡ. ಲೇಸರ್‌ನಿಂದ ಜನನಾಂಗದ ನರಹುಲಿ ಸುಡುತ್ತಿದ್ದ ನಾರ್ವೆಯ ಸರ್ಜನ್ ಒಬ್ಬರಿಗೆ ಗಂಟಲಿನ ಧ್ವನಿಪೆಟ್ಟಿಗೆಯಲ್ಲೇ ನರಹುಲಿ ತರುವ ವೈರಸ್ಸಾದ ಎಚ್‌ಪಿವಿ ಗಂಟುಗಳು ಬೆಳೆದದ್ದು 1991ರಲ್ಲಿ ವರದಿಯಾಗಿದೆ. ಇಂಥ ಕೇಸ್ ತೀರಾ ಅಪರೂಪ, ಆದರೆ ಸುಮ್ನೆ ತಳ್ಳಿಹಾಕುವ ವಿಷಯ ಅಲ್ಲ.

ಇನ್ನು ಕ್ಯಾನ್ಸರ್. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಅದರಲ್ಲಿ ಅನುಮಾನ ಇಲ್ಲ. ಹಾಗಂತ ಓಟಿಯಲ್ಲಿ ನಿಂತವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಅನ್ನುವುದು ವಾಟ್ಸಾಪ್ ಮಾತು. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಗಮನಿಸಿದ ಒಂದು ದೊಡ್ಡ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಓಟಿಯಲ್ಲಿ ಜಾಸ್ತಿ ವರ್ಷ ದುಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಬಂದದ್ದು ಅದರಲ್ಲಿ ಕಾಣಲಿಲ್ಲ. ಆದ್ದರಿಂದ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ನಿಮ್ಮ ತಲೆನೋವು, ಗಂಟಲು ಕೆರೆತ ಕಲ್ಪನೆಯಲ್ಲ. ಕಣ್ಣುರಿ, ಕೆಮ್ಮು, ವಾಕರಿಕೆ ಇವೆಲ್ಲ ಎಲ್ಲ ದೇಶದ ಓಟಿ ಸಿಬ್ಬಂದಿ ಹೇಳುವ ದೂರುಗಳೇ. ಆಸ್ತಮಾ ಇದ್ದರಂತೂ ಕಾಯದೆ ಒಮ್ಮೆ ಎದೆ ತಜ್ಞರಿಗೆ ತೋರಿಸಿಬಿಡಿ.

ಪರಿಹಾರ ಇರುವುದು ಮೂಗಿನ ಹತ್ತಿರ ಅಲ್ಲ, ಕಾಟರಿ ಪೆನ್ಸಿಲ್ಲಿನ ತುದಿಯ ಹತ್ತಿರ. ಆಲೆಮನೆಯಲ್ಲಿ ಚಿಮಣಿಯನ್ನು ಒಲೆಗೆ ಸೇರಿಸಿಯೇ ಕಟ್ಟುತ್ತಾರೆ, ಗದ್ದೆಯ ಆಚೆ ಬದುವಿನ ಮೇಲೆ ನಿಲ್ಲಿಸಲ್ಲ ಅಲ್ವಾ? ಹೊಗೆ ಎಳೆಯುವ ಕೊಳವೆ ಸುಡುವ ಜಾಗದಿಂದ ಎರಡು ಇಂಚಿನ ಒಳಗೇ ಇರಬೇಕು ಅಂತ ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಷ್ ಸಂಸ್ಥೆ 1996ರಲ್ಲೇ ಹೇಳಿದೆ. ಇದಕ್ಕೆಂದೇ ಸ್ಮೋಕ್ ಇವ್ಯಾಕ್ಯುಯೇಟರ್ ಎಂಬ ಮೆಷಿನ್ ಇದೆ. ಅದರೊಳಗಿನ ಅಲ್ಪಾ (ULPA) ಎಂಬ ಅತಿ ಸೂಕ್ಷ್ಮ ಫಿಲ್ಟರ್ 0.12 ಮೈಕ್ರಾನ್ ಕಣವನ್ನೂ ಬಹುಪಾಲು ಹಿಡಿಯುತ್ತದೆ. ಸಕ್ಷನ್ (ಎಳೆಯುವ ಕೊಳವೆ) ಸೇರಿಸಿಯೇ ಬರುವ ಕಾಟರಿ ಪೆನ್ಸಿಲ್ ಕೂಡ ಸಿಗುತ್ತದೆ, ಆಗ ಕೊಳವೆ ಹಿಡಿಯಲು ಬೇರೆ ಕೈ ಬೇಡ.

ಮೆಷಿನ್ ಇಲ್ಲದ ಕಡೆ? ಚಿಕ್ಕ ಕೇಸಿಗೆ, ಕಡಿಮೆ ಹೊಗೆಗೆ, ಗೋಡೆಯ ಸಕ್ಷನ್ನೇ ಬಳಸಬಹುದು, ಆದರೆ ಎಳೆದದ್ದು ಸೇರುವ ಜಾರ್ ಮತ್ತು ಗೋಡೆಯ ನಡುವಿನ ಟ್ಯೂಬಿಗೆ ಒಂದು ಇನ್‌ಲೈನ್ ಫಿಲ್ಟರ್ ಹಾಕಿಸಿ. ರಕ್ತ ಎಳೆಯುವುದಕ್ಕೆ ಒಂದು ಟ್ಯೂಬ್, ಹೊಗೆಗೆ ಇನ್ನೊಂದು. ಕಾಟರಿ ನಿಲ್ಲಿಸಿದ ತಕ್ಷಣ ಸಕ್ಷನ್ ಎತ್ತಬೇಡಿ, ಹೊಗೆ ಪೂರ್ತಿ ಹೋಗಲಿ. ಹಳೆಯ ಫಿಲ್ಟರ್ ಬದಲಿಸುವಾಗ ಗ್ಲೌಸ್, ಮಾಸ್ಕ್ ಇರಲಿ, ಅದು ಸೋಂಕಿನ ಕಸದ ಜತೆ ಹೋಗಬೇಕು. ಇದರ ಜತೆಗೆ ಎನ್95 ಹಾಕಿ, ಆದರೆ ವಾಲ್ವ್ ಇರುವಂಥದ್ದು ಓಟಿಗೆ ಬೇಡ, ನೀವು ಬಿಟ್ಟ ಉಸಿರು ಫಿಲ್ಟರ್ ಆಗದೆ ನೇರ ಗಾಯದ ಮೇಲೆ ಹೋಗುತ್ತದೆ. ಎನ್95 ಕಣವನ್ನು ತಡೆಯುತ್ತದೆ, ಬೆಂಜೀನ್‌ನಂಥ ಗ್ಯಾಸನ್ನಲ್ಲ, ಹಾಗಾಗಿ ಸಕ್ಷನ್ ಬಿಟ್ಟು ಅದೊಂದನ್ನೇ ನಂಬಬೇಡಿ.

ಇನ್ನೊಂದು. ಸಣ್ಣ ಓಟಿಗಳಲ್ಲಿ ಸ್ಪ್ಲಿಟ್ ಎಸಿ ಇರುತ್ತದೆ, ತಣ್ಣಗಿದೆ ಅಂತ ಗಾಳಿ ಶುದ್ಧ ಅಂದುಕೊಳ್ಳುತ್ತೇವೆ. ಅದು ಕೋಣೆಯ ಅದೇ ಗಾಳಿಯನ್ನು ಸುತ್ತಿಸುತ್ತದೆಯೇ ಹೊರತು ಹೊಸ ಗಾಳಿ ತರಲ್ಲ.

ಸರ್ಜನ್ ಒಪ್ಪಬೇಕಲ್ಲ ಅಂತೀರಾ? ನಿಮ್ಮ ಆರೋಗ್ಯದ ಮಾತು ಕೇಳದಿದ್ದರೂ ‘ಹೊಗೆ ಹೋದರೆ ನಿಮಗೆ ಗಾಯ ಚೆನ್ನಾಗಿ ಕಾಣುತ್ತೆ ಸಾರ್’ ಅನ್ನುವ ಮಾತು ಕೇಳುತ್ತಾರೆ. ಗಾಯದ ಮೇಲೆ ಎಲ್ಲರಿಗಿಂತ ಹತ್ತಿರ ಬಗ್ಗಿರುವುದು ಅವರ ಮೂಗೇ ತಾನೆ. ಮೆಷಿನ್ ಸದ್ದು ಜಾಸ್ತಿ ಅಂತ ಗೊಣಗಿದರೆ, ಪೆನ್ಸಿಲ್ ಒತ್ತಿದಾಗ ಮಾತ್ರ ಶುರುವಾಗುವಂಥವೂ ಇವೆ ಅಂತ ಹೇಳಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯ 2018ರಲ್ಲಿ, ಕೊಲರಾಡೊ 2019ರಲ್ಲಿ ಹೊಗೆ ತೆಗೆಯುವುದನ್ನು ಕಾನೂನೇ ಮಾಡಿದವು, ಅಲ್ಲಿ ಅದಕ್ಕೆ ಹೋರಾಡಿದವರು ಓಟಿ ನರ್ಸ್‌ಗಳೇ. ಒಬ್ಬರೇ ಹೋಗಿ ಕೇಳಬೇಡಿ, ಟೆಕ್ನಿಷಿಯನ್, ಅನಸ್ತೇಶಿಯಾ ಡಾಕ್ಟರ್ ಎಲ್ಲರೂ ಸೇರಿ ಬರವಣಿಗೆಯಲ್ಲಿ ಕೊಡಿ.

ಪ್ರಶ್ನೆ: ಸಾರ್, ನಾನು ಮೈಸೂರಿನಲ್ಲಿ ಓಟಿ ಟೆಕ್ನಿಷಿಯನ್. ಲ್ಯಾಪ್ರೋಸ್ಕೋಪಿಯಲ್ಲಿ (ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಹೊಗೆ ಹೊಟ್ಟೆಯೊಳಗೇ ಇರುತ್ತಲ್ಲ, ನಮಗೇನು ತೊಂದರೆ?
– ಟೆಕ್ನಿಷಿಯನ್, ಮೈಸೂರು

ಉತ್ತರ: ಒಳಗೇ ಎಷ್ಟು ಹೊತ್ತು ಇರುತ್ತೆ ಹೇಳಿ? ಲೆನ್ಸ್ ಮಸುಕಾಯಿತು ಅಂದ ಕೂಡಲೇ ‘ಗ್ಯಾಸ್ ಬಿಡಪ್ಪ’ ಅಂತಾರೆ, ಪೋರ್ಟಿನ (ಹೊಟ್ಟೆಯ ರಂಧ್ರಕ್ಕೆ ಹಾಕಿದ ಕೊಳವೆಯ) ನಲ್ಲಿ ತಿರುಗಿಸುತ್ತೀರಿ, ಅಷ್ಟು ಹೊತ್ತು ಕೂಡಿದ್ದ ಹೊಗೆ ಒತ್ತಡದಲ್ಲಿ ಪಕ್ಕದಲ್ಲಿ ನಿಂತವರ ಮುಖಕ್ಕೇ ಬಡಿಯುತ್ತದೆ. ಕೊನೆಗೆ ಪೋರ್ಟ್ ತೆಗೆಯುವಾಗಲೂ ಇದೇ ಕಥೆ. ಆ ನಲ್ಲಿಗೆ ಫಿಲ್ಟರ್ ಇರುವ ಟ್ಯೂಬ್ ಸಿಕ್ಕಿಸಬೇಕು, ಪೋರ್ಟ್ ತೆಗೆಯುವ ಮೊದಲೇ ಗ್ಯಾಸನ್ನು ಅದರ ಮೂಲಕ ಖಾಲಿ ಮಾಡಬೇಕು. ಕೋವಿಡ್ ಸಮಯದಲ್ಲಿ ಎಲ್ಲರೂ ಇದನ್ನು ಮಾತಾಡುತ್ತಿದ್ದರು, ಆಮೇಲೆ ಮರೆತರು.

ಪ್ರಶ್ನೆ: ಅಮ್ಮನಿಗೆ ಮುಂದಿನ ವಾರ ಪಿತ್ತಕೋಶದ ಲ್ಯಾಪ್ರೋಸ್ಕೋಪಿ ಆಪರೇಷನ್ ಇದೆ. ಈ ಹೊಗೆಯಿಂದ ಅವರಿಗೆ ಏನಾದರೂ ಆಗುತ್ತಾ?
– ಒಬ್ಬ ಓದುಗ, ಶ್ರೀರಂಗಪಟ್ಟಣ

ಉತ್ತರ: ಇಲ್ಲ. ಅವರು ಉಸಿರಾಡುವುದು ಅನಸ್ತೇಶಿಯಾ ಟ್ಯೂಬಿನಿಂದ, ಕೋಣೆಯ ಗಾಳಿಯನ್ನಲ್ಲ. ಹೊಟ್ಟೆಯೊಳಗಿನ ಹೊಗೆಯಿಂದ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ರಕ್ತಕ್ಕೆ ಸೇರಬಹುದು, ಅದು ಬಹಳ ಕಡಿಮೆ, ಕೊಡುತ್ತಿರುವ ಆಕ್ಸಿಜನ್‌ನಿಂದ ಬೇಗ ಹೋಗುತ್ತದೆ. ಅಪಾಯ ಇರುವುದು ದಿನಾ ಅಲ್ಲೇ ನಿಲ್ಲುವವರಿಗೆ. ಆಪರೇಷನ್ ಆದ ಮೇಲೆ ಅಮ್ಮ ಭುಜ ನೋವು ಅಂದರೆ ಗಾಬರಿಯಾಗಬೇಡಿ, ಅದು ಹೊಟ್ಟೆಯಲ್ಲಿ ಉಳಿದ ಗ್ಯಾಸಿನಿಂದ, ಒಂದೆರಡು ದಿನದಲ್ಲಿ ಇಳಿಯುತ್ತದೆ. ನೋವು ಜಾಸ್ತಿಯಾಗುತ್ತಾ ಹೋದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಮಾತ್ರ ತಡ ಮಾಡದೆ ಸರ್ಜನ್‌ಗೆ ಫೋನ್ ಮಾಡಿ.