2, 5, 2, 9 ಎಂಬ ಸರಣಿಯನ್ನು ಎಸ್‌ಕ್ಯೂಎಲ್ ಸಾಲುಗಳಲ್ಲಿ ಮರುಕಳಿಸಲು ಲೂಪ್ ಬರೆಯಬೇಕೇ?

2, 5, 2, 9 ಎಂಬ ಸರಣಿ ಎಸ್‌ಕ್ಯೂಎಲ್ (ಡೇಟಾಬೇಸ್‌ಗಳ ಭಾಷೆ) ಟೇಬಲ್‌ನಲ್ಲಿ 1000 ಸಾಲುಗಳವರೆಗೆ ಮರುಕಳಿಸುವಂತೆ ತುಂಬಲು ಲೂಪ್, ಅಂದರೆ ಒಂದೇ ಸೂಚನೆಯನ್ನು ಮತ್ತೆ ಮತ್ತೆ ನಡೆಸುವ ಕೋಡ್, ಬೇಕೇ ಎಂದು ಕೇಳಿದ್ದೀರಿ. ಇಲ್ಲವಾದರೆ ಐಡಿಯನ್ನು, ಅಂದರೆ ಪ್ರತಿ ಸಾಲಿನ ಗುರುತಿನ ಸಂಖ್ಯೆಯನ್ನು, ನಾಲ್ಕರಿಂದ ಭಾಗಿಸಿ ಬರುವ ಶೇಷವನ್ನೇ ಬಳಸಬಹುದಲ್ಲವೇ ಎಂದೂ ಸೇರಿಸಿದ್ದೀರಿ. ಆ ಎರಡನೆಯ ದಾರಿಯಲ್ಲಿ ನಾನು ನಡೆದಿದ್ದೇನೆ.

ಪರಿಶೀಲನೆಗೆ ಬರುವ ದಾಖಲೆಗಳನ್ನು ಮೂರು ತಂಡಗಳಿಗೆ 1, 2, 1, 3 ಎಂಬ ಕ್ರಮದಲ್ಲಿ ಹಂಚುವ ಕೆಲಸ ನನ್ನದಾಗಿತ್ತು. ಮೊದಲ ತಂಡದಲ್ಲಿ ಜನ ಹೆಚ್ಚಿದ್ದುದರಿಂದ ಅದಕ್ಕೆ ಎರಡು ಪಾಲು. ಐಡಿಯಿಂದ ಒಂದನ್ನು ಕಳೆದು, ನಾಲ್ಕರಿಂದ ಭಾಗಿಸಿ, ಶೇಷ 0 ಅಥವಾ 2 ಆದರೆ ಒಂದನೆಯ ತಂಡ, 1 ಆದರೆ ಎರಡನೆಯದು, 3 ಆದರೆ ಮೂರನೆಯದು ಎಂದು ಕ್ವೆರಿ (ಡೇಟಾಬೇಸ್‌ಗೆ ಕೊಡುವ ಎಸ್‌ಕ್ಯೂಎಲ್ ಆದೇಶ) ಬರೆದೆ. ಪರೀಕ್ಷೆಗೆಂದು ತುಂಬಿದ ಟೇಬಲ್‌ನಲ್ಲಿ ಐಡಿಗಳು ಒಂದರ ಹಿಂದೊಂದು ಬಿಡುವಿಲ್ಲದೆ ಇದ್ದವು. ಹಂಚಿಕೆ ಸರಿಯಾಗಿಯೇ ಬಂತು.

ನಿಜವಾದ ಟೇಬಲ್‌ಗೆ ದಾಖಲೆಗಳು ಬರುತ್ತಿದ್ದ ಬಗೆ ಬೇರೆ. ನಕಲುಗಳನ್ನು ಕೈಬಿಡಲು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಸೂಚನೆಯನ್ನು ಬಳಸುತ್ತಿದ್ದೆವು. ನಕಲು ಸಿಕ್ಕಾಗ ಸಾಲು ಸೇರುವುದಿಲ್ಲ, ನಿಜ. ಆದರೆ ಅದು ನಕಲೆಂದು ಗೊತ್ತಾಗುವ ಮೊದಲೇ ಐಡಿಗಾಗಿ ಸೀಕ್ವೆನ್ಸ್‌ನಿಂದ (ಮುಂದಿನ ಸಂಖ್ಯೆಯನ್ನು ಕೊಡುತ್ತ ಹೋಗುವ ಎಣಿಕೆಯಂತ್ರ) ಒಂದು ಸಂಖ್ಯೆ ತೆಗೆದಾಗಿರುತ್ತದೆ, ಅದು ಮರಳಿ ಬರುವುದಿಲ್ಲ. ರೋಲ್‌ಬ್ಯಾಕ್ ಆದ, ಅಂದರೆ ಮುಗಿಯದೆ ರದ್ದಾದ, ವ್ಯವಹಾರದಲ್ಲಿ (ಟ್ರಾನ್ಸಾಕ್ಷನ್) ಖರ್ಚಾದ ಸಂಖ್ಯೆಯ ಪಾಡೂ ಇದೇ. ಒಂದು ಫೈಲ್‌ನಲ್ಲಿ ಪ್ರತಿ ದಾಖಲೆಯೂ ಬೆನ್ನುಬೆನ್ನಿಗೆ ಎರಡು ಸಲ ಬಂದಿತ್ತು. ಮೊದಲನೆಯದು ಸೇರಿತು, ಎರಡನೆಯದು ಸಂಖ್ಯೆಯನ್ನು ತಿಂದು ಹೋಯಿತು. ಟೇಬಲ್‌ನಲ್ಲಿ ಉಳಿದದ್ದು 1, 3, 5, 7 ಎಂಬಂತೆ ಬರೀ ಬೆಸ ಐಡಿಗಳು. ಒಂದು ಕಳೆದು ನಾಲ್ಕರಿಂದ ಭಾಗಿಸಿ ನೋಡಿ: ಶೇಷ 0, 2, 0, 2. ಎರಡೂ ಒಂದನೆಯ ತಂಡದವೇ! ಆ ಫೈಲ್‌ನ ಅಷ್ಟೂ ದಾಖಲೆಗಳು ಒಂದೇ ತಂಡದ ಮೇಲೆ ಬಿದ್ದವು, ಉಳಿದೆರಡು ತಂಡಗಳಿಗೆ ಒಂದೂ ಹೋಗಲಿಲ್ಲ. ಕ್ವೆರಿ ಯಾವ ದೋಷವನ್ನೂ ತೋರಿಸಲಿಲ್ಲವಾದ್ದರಿಂದ, ಆ ತಂಡದವರು ಗಡುವು ತಪ್ಪಿಸಿಕೊಂಡು ದೂರು ಕೊಡುವವರೆಗೆ ಯಾರಿಗೂ ತಿಳಿಯಲಿಲ್ಲ. ಐಡಿ ಒಂದು ಸಾಲನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸುತ್ತದೆಯೇ ಹೊರತು ಅದು ಎಷ್ಟನೆಯ ಸಾಲು ಎಂದು ಹೇಳುವುದಿಲ್ಲ. ನಾನು ಎರಡನ್ನೂ ಒಂದೆಂದು ಎಣಿಸಿದ್ದೆ.

ಆದ್ದರಿಂದ ಐಡಿಯನ್ನು ಬಿಡಿ. ಲೂಪ್ ಕೂಡ ಬೇಡ. ಅದೇ ನಾಲ್ಕು ಸಂಖ್ಯೆಗಳನ್ನು 250 ಸಲ ಬರೆದಿಡುವ ಟೇಬಲ್ ನಿಮಗೆ ಬೇಕಾಗಿಯೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಣಿಯನ್ನು ಒಂದೇ ಸಲ, ಸ್ಥಾನ ಮತ್ತು ಬೆಲೆ ಎಂಬ ಎರಡು ಕಾಲಂಗಳ ಪುಟ್ಟ ಟೇಬಲ್‌ನಲ್ಲಿ ಇಡಿ: 0ಕ್ಕೆ 2, 1ಕ್ಕೆ 5, 2ಕ್ಕೆ 2, 3ಕ್ಕೆ 9. ನಿಮ್ಮ ಸರಣಿಯಲ್ಲಿ 2 ಎರಡು ಸಲ ಬರುವುದರಿಂದ ಸ್ಥಾನದ ಕಾಲಂ ಇಲ್ಲದೆ ಯಾವ 2 ಮೊದಲನೆಯದು ಎಂದು ಹೇಳಲಾಗದು. ನಿಮ್ಮ ಸಾಲುಗಳಿಗೆ ‘ರೋ ನಂಬರ್’ ಫಂಕ್ಷನ್‌ನಿಂದ ಕ್ರಮಸಂಖ್ಯೆ ಕೊಟ್ಟು, ಒಂದನ್ನು ಕಳೆದು, ನಾಲ್ಕರಿಂದ ಭಾಗಿಸಿದ ಶೇಷವನ್ನು ಆ ಸ್ಥಾನದೊಂದಿಗೆ ಜಾಯಿನ್ ಮಾಡಿ (ಎರಡೂ ಟೇಬಲ್‌ಗಳ ಹೊಂದುವ ಸಾಲುಗಳನ್ನು ಕೂಡಿಸಿ). ಏಳನೆಯ ಸಾಲಿಗೆ ಶೇಷ 2, ಬೆಲೆ 2. ಸಾವಿರನೆಯದಕ್ಕೆ ಶೇಷ 3, ಬೆಲೆ 9. ಈ ಫಂಕ್ಷನ್‌ಗೆ ಕೊಡುವ ‘ಆರ್ಡರ್ ಬೈ’ (ಸಾಲುಗಳ ಕ್ರಮವನ್ನು ಹೇಳುವ ಭಾಗ) ಯಾವ ಎರಡು ಸಾಲುಗಳನ್ನೂ ಸಮವೆಂದು ಬಿಡಬಾರದು; ದಿನಾಂಕವೊಂದನ್ನೇ ಕೊಟ್ಟರೆ ಒಂದೇ ದಿನದ ಸಾಲುಗಳು ಪ್ರತಿ ಓಟದಲ್ಲೂ ಅದಲುಬದಲಾಗಬಹುದು, ಹಾಗಾಗಿ ಕೊನೆಗೆ ಐಡಿಯನ್ನು ಸೇರಿಸಿ. ಐಡಿಗೆ ತಕ್ಕ ಕೆಲಸ ಇದು.

ಯಾವ ಟೇಬಲ್‌ಗೂ ಅಂಟದ ಬರಿಯ 1000 ಸಾಲುಗಳೇ ಬೇಕಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ ಅಥವಾ 2022ರ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಜನರೇಟ್ ಸೀರೀಸ್’ ಮೂಲಕ 0ಯಿಂದ 249ರವರೆಗೆ ಸುತ್ತಿನ ಸಂಖ್ಯೆಗಳನ್ನು ಪಡೆದು, ಪುಟ್ಟ ಟೇಬಲ್‌ನೊಂದಿಗೆ ಕ್ರಾಸ್ ಜಾಯಿನ್ ಮಾಡಿ (ಪ್ರತಿ ಸುತ್ತಿಗೂ ಅದರ ಎಲ್ಲ ಸಾಲುಗಳನ್ನು ಕೂಡಿಸಿ), ಸುತ್ತು ಮತ್ತು ಸ್ಥಾನದ ಪ್ರಕಾರ ಜೋಡಿಸಿ.

ಒಮ್ಮೆ ಹಂಚಿದ ಬೆಲೆ ಬದಲಾಗಬಾರದು ಎಂದಿದ್ದರೆ ಮಾತ್ರ ಅದನ್ನು ಸಾಲಿನಲ್ಲಿಯೇ ಬರೆದಿಡಿ; ಇಲ್ಲವಾದರೆ ನಡುವಿನ ಒಂದು ಸಾಲು ಅಳಿಸಿಹೋದರೂ ಅದರ ಮುಂದಿನ ಎಲ್ಲ ಸಾಲುಗಳ ಕ್ರಮಸಂಖ್ಯೆ ಒಂದರಷ್ಟು ಹಿಂದೆ ಸರಿಯುತ್ತದೆ. ಭಾಜಕವಾದ ನಾಲ್ಕನ್ನೂ ಕ್ವೆರಿಯಲ್ಲಿ ಕೈಯಾರೆ ಬರೆಯದೆ, ಪುಟ್ಟ ಟೇಬಲ್‌ನ ಸಾಲುಗಳನ್ನು ಎಣಿಸಿಯೇ ಪಡೆದರೆ, ನಾಳೆ ಸರಣಿಗೆ ಐದನೆಯ ಸಂಖ್ಯೆ ಸೇರಿದಾಗ ಕ್ವೆರಿಯನ್ನು ಮುಟ್ಟಬೇಕಾಗುವುದಿಲ್ಲ.