ಕ್ರಿಸ್‌ಮಸ್ ರೋಸ್ಟ್ ಗಟ್ಟಿಯಾದರೆ ಓವನ್‌ಗೆ ಬೈಯಬೇಡಿ

ಕ್ರಿಸ್‌ಮಸ್‌ಗೆ 2 ಕಿಲೋ ಬೀಫ್ ರೋಸ್ಟ್ ಮಾಡಬೇಕು, ಓವನ್ ಎಷ್ಟು ಡಿಗ್ರಿ ಇಡಲಿ, ಅಂಡರ್‌ಕಟ್ (ಬೆನ್ನೆಲುಬಿನ ಅಡಿಯ ಮೆತ್ತನೆ ಮಾಂಸ) ತರಲಾ, ಒಳಗೆ ಪಿಂಕ್ ಉಳಿದು ಮೆತ್ತಗೆ ಬರಬೇಕು, ಹೋದ ವರ್ಷ ಚಪ್ಪಲಿ ಆಗಿತ್ತು ಅಂತ ಕೇಳಿದ್ದೀರಿ. ಆ ಚಪ್ಪಲಿಯನ್ನು ನಾನೂ ಬಡಿಸಿದ್ದೇನೆ. ಅದೂ ಮಾವನ ಮನೆಯಲ್ಲಿ, ಮದುವೆಯಾದ ಮೊದಲನೇ ಕ್ರಿಸ್‌ಮಸ್‌ಗೆ.

ನಾನು ಕೋಲಾರದವನು. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಂದರೆ ಮಟನ್ ಬಿರಿಯಾನಿ, ಕಲ್‌ಕಲ್, ರೋಸ್ ಕುಕ್ಕೀಸ್, ಅಷ್ಟೇ. ಹೆಂಡತಿ ಕೆಜಿಎಫ್‌ನವಳು, ರಾಬರ್ಟ್‌ಸನ್‌ಪೇಟೆ. ಅಲ್ಲಿನ ಲೆಕ್ಕವೇ ಬೇರೆ. ಗಣಿ ನಡೆಸಿದ ಬ್ರಿಟಿಷರು ಹೋದರು, 2001ರಲ್ಲಿ ಗಣಿಯೂ ಮುಚ್ಚಿತು, ರೋಸ್ಟ್ ಮಾತ್ರ ಉಳಿದುಕೊಂಡಿತು. ಆ ಬೀದಿಗೆಲ್ಲಾ ರೋಸ್ಟ್ ಮಾಡಿಕೊಡುತ್ತಿದ್ದವರು ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಆಂಟಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಊರು ಅದು. ಆಂಟಿ ಮನೆಯಲ್ಲಿ ಮಾತ್ರ ಇವತ್ತಿಗೂ ಓವನ್ ಇಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆ ವರ್ಷ ಆಂಟಿಗೆ ಮಂಡಿನೋವು. ನಾನು ಮಾಡ್ತೀನಿ ಬಿಡಿ ಅಂದೆ. ಹೊಸ ಅಳಿಯನ ಜಂಬ.

ಅಡುಗೆ ಏನೂ ಕೆಡಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಂಟಿ ಹೇಳಿದ ಹಾಗೇ ಮಾಡಿದ್ದೆ. 2 ಕಿಲೋ ತೊಡೆ ಮಾಂಸ, ಒಂದೇ ತುಂಡು. ಹಿಂದಿನ ರಾತ್ರಿಯೇ 3 ಟೀ ಚಮಚ ಉಪ್ಪು, ಕುಟ್ಟಿದ ಕಾಳುಮೆಣಸು, ಶುಂಠಿ ಬೆಳ್ಳುಳ್ಳಿ, ಸ್ವಲ್ಪ ವಿನೆಗರ್ ಸವರಿ ಫ್ರಿಜ್‌ನಲ್ಲಿಟ್ಟಿದ್ದೆ. ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಎಲ್ಲಾ ಮಗ್ಗುಲೂ ಕಂದು ಬಣ್ಣ ಬರುವ ತನಕ ಹುರಿದೆ. ಇದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ನಾಲ್ಕು ಈರುಳ್ಳಿ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಒಂದು ಹಿಡಿ ಇಡೀ ಮೆಣಸು, ತುಂಡು ಅರ್ಧ ಮುಳುಗುವಷ್ಟು ಬಿಸಿನೀರು. ಮುಚ್ಚಳದ ಸುತ್ತ ಗೋಧಿ ಹಿಟ್ಟು ಮೆತ್ತಿ, ಸಣ್ಣ ಉರಿಯಲ್ಲಿ ನಾಲ್ಕು ಗಂಟೆ. ತೆಗೆದಾಗ ಕಡ್ಡಿ ಚುಚ್ಚಿದರೆ ಬೆಂದ ಗೆಣಸಿಗೆ ಇಳಿದ ಹಾಗೆ ಇಳಿಯುತ್ತಿತ್ತು.

ಆಮೇಲೆ ಕುಯ್ದೆ. ಕೆಟ್ಟಿದ್ದು ಅಲ್ಲೇ.

"ರೀ, ಹೇಗೆ ಕುಯ್ಯೋದು ಅಂತ ಆಂಟಿನ ಒಂದ್ ಮಾತು ಕೇಳಿ" ಅಂದಳು ಹೆಂಡತಿ. ಕುಯ್ಯೋದರಲ್ಲಿ ಕೇಳೋದೇನಿದೆ? ತುಂಡು ಉದ್ದಕ್ಕಿತ್ತು, ನಾನೂ ಉದ್ದಕ್ಕೇ ಕುಯ್ದೆ. ಅಂಗೈ ಅಗಲದ ಹೋಳುಗಳು, ತಟ್ಟೆಯಲ್ಲಿ ಜೋಡಿಸಿದರೆ ಏನು ಚೆಂದ ಅಂತೀರಿ! ಫೋಟೋನೂ ತೆಗೆದರು. ಎಲ್ಲರೂ ಬಾಯಿಗಿಟ್ಟರು. ಅಗಿದರು. ಅಗಿಯುತ್ತಲೇ ಇದ್ದರು. ಭಾಮೈದ ಬಾಯಿಂದ ಒಂದು ನಾರು ಎಳೆದ ನೋಡಿ, ಬೆರಳುದ್ದ ಬಂತು. ಮಾವ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ನೀರು ಕುಡಿದು, "ಎರಡು ಮೈಲಿ ಕೆಳಗೆ ಹೋಗಿ ಬಂಡೆ ಒಡೆದಿದ್ದೀನಿ ಅಳಿಯಂದ್ರೆ, ಅದು ಇದಕ್ಕಿಂತ ಬೇಗ ಬಿಡ್ತಿತ್ತು" ಅಂದರು. ಈಗಲೂ ಪ್ರತಿ ಡಿಸೆಂಬರ್‌ನಲ್ಲಿ ಒಂದು ಸಲ ಹೇಳುತ್ತಾರೆ.

ಆಂಟಿ ಕೋಲೂರಿಕೊಂಡು ಬಂದರು. ತಟ್ಟೆ ನೋಡಿದರು. "ಏನ್ ಮ್ಯಾನ್, ಇದು ಹಗ್ಗ ಅಲ್ವಾ?" ಉಳಿದ ಅರ್ಧ ತುಂಡನ್ನು ಹಲಗೆ ಮೇಲೆ ಕಾಲು ಸುತ್ತು ತಿರುಗಿಸಿದರು. ತೆಳ್ಳಗೆ, ಬೆರಳ ದಪ್ಪಕ್ಕಿಂತ ಕಡಿಮೆ, ಅಡ್ಡಕ್ಕೆ ಕುಯ್ದು ಗ್ರೇವಿಯಲ್ಲಿ ಅದ್ದಿ ಕೊಟ್ಟರು. ಅದೇ ಮಾಂಸ, ಅದೇ ಪಾತ್ರೆ. ನಾಲಿಗೆಯಲ್ಲೇ ಮುರಿಯಿತು. ಖುಷಿ ಪಡಬೇಕೋ ನಾಚಿಕೆ ಪಡಬೇಕೋ ಗೊತ್ತಾಗಲಿಲ್ಲ.

ವಿಷಯ ಇಷ್ಟೇ, ಆದರೆ ಬಿಡಿಸಿಯೇ ಹೇಳುತ್ತೇನೆ. ಮಾಂಸ ಅಂದರೆ ಎಳೆಗಳ ಕಟ್ಟು. ಎಷ್ಟು ಬೇಯಿಸಿದರೂ ಎಳೆ ಎಳೆಯಾಗಿಯೇ ಇರುತ್ತದೆ. ಕರಗುವುದು ಎಳೆಗಳನ್ನು ಹಿಡಿದಿಟ್ಟ ಅಂಟು. ನಮ್ಮ ಕಡೆ ಸೀಮೆಹಸುಗೆ ಜೋಳದ ಕಡ್ಡಿ ಕತ್ತರಿಸುವುದನ್ನು ನೋಡಿರುತ್ತೀರಿ. ಮಷೀನಿಗೆ ಅಡ್ಡಕ್ಕೆ ಕೊಟ್ಟು ಬೆರಳುದ್ದ ತುಂಡು ಮಾಡುತ್ತೇವೆ. ಉದ್ದಕ್ಕೆ ಸೀಳಿ ಹಾಕಿದರೆ ಹಸುವೂ ಮೂಸಿ ಬಿಡುತ್ತದೆ. ನಾನು ನೆಂಟರಿಗೆ ಹಾಕಿದ್ದು ಆ ಸೀಳಿದ ಕಡ್ಡಿ. ಎಳೆಗೆ ಅಡ್ಡಲಾಗಿ ಕುಯ್ದರೆ ಒಂದೊಂದು ಎಳೆಯೂ ಅರ್ಧ ಸೆಂಟಿಮೀಟರ್ ಆಗುತ್ತದೆ, ಅರ್ಧ ಕೆಲಸ ಹಲ್ಲಿನ ಬದಲು ಚಾಕುವೇ ಮಾಡಿರುತ್ತದೆ. ತೊಡೆಯ ತುಂಡಿನಲ್ಲಿ ಎಳೆ ಸಾಮಾನ್ಯವಾಗಿ ಉದ್ದಕ್ಕೇ ಓಡುತ್ತದೆ. ಹಸಿಯಾಗಿದ್ದಾಗ ಎದ್ದು ಕಾಣುತ್ತದೆ, ಹುರಿದು ಮಸಾಲೆ ಹತ್ತಿ ಕಪ್ಪಾದ ಮೇಲೆ ಕಾಣೋದೇ ಇಲ್ಲ. ನಾನು ಮೋಸ ಹೋಗಿದ್ದು ಅಲ್ಲೇ.

ಇನ್ನು ನಿಮ್ಮ ಪಿಂಕ್. ಬಿಟ್ಟುಬಿಡಿ ಅದನ್ನು. ನೀವು ವಿಡಿಯೋದಲ್ಲಿ ನೋಡಿರುವುದು ಎರಡು ವರ್ಷದ ಆಸುಪಾಸಿನ ಎಳೇ ದನದ ಮಾಂಸ. ನಮ್ಮ ರಾಜ್ಯದಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಕಡಿಯಬಹುದಾದದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಅಷ್ಟು ವಯಸ್ಸಾದ ಪ್ರಾಣಿಯ ತೊಡೆಯನ್ನು ಒಳಗೆ ಪಿಂಕ್ ಇಟ್ಟರೆ, ಅಂದರೆ ಮಾಂಸದ ಒಳಗಿನ ಬಿಸಿ 60 ಡಿಗ್ರಿ ದಾಟುವ ಮೊದಲೇ ಇಳಿಸಿದರೆ, ಆ ಅಂಟು ಕರಗುವುದೇ ಇಲ್ಲ. ಅದಕ್ಕೆ 70 ದಾಟಬೇಕು, ದಾಟಿ ಗಂಟೆಗಟ್ಟಲೆ ಅಲ್ಲೇ ಇರಬೇಕು. ಅರ್ಧ ದಾರಿಯಲ್ಲಿ ಮುಟ್ಟಿ ನೋಡಿದರೆ ಹಸಿಗಿಂತ ಗಟ್ಟಿ ಅನ್ನಿಸುತ್ತದೆ, ಜಾಸ್ತಿ ಬೆಂದುಹೋಯಿತು ಅಂತ ಹೆದರಿ ಇಳಿಸಬೇಡಿ, ಇನ್ನೂ ಬೆಂದಿಲ್ಲ ಅಂತ ಅರ್ಥ. ಹಾಗಾಗಿ ಓವನ್ ಎಷ್ಟು ಡಿಗ್ರಿ ಅನ್ನುವುದಕ್ಕೆ ನನ್ನ ಉತ್ತರ, ಓವನ್ನೇ ಬೇಡ. ಮುಚ್ಚಿದ ಪಾತ್ರೆ, ಸಣ್ಣ ಉರಿ. ಕುಕ್ಕರ್ ಆದರೆ ಒಂದು ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಒಂದೂಕಾಲು ಗಂಟೆ, ಆಮೇಲೆ ತಾನಾಗೇ ಆರಲಿ.

ಅಂಡರ್‌ಕಟ್ ಇದಕ್ಕೆ ದಂಡ. ಅದರಲ್ಲಿ ಅಂಟೇ ಕಡಿಮೆ, ನಾಲ್ಕು ಗಂಟೆ ಬೇಯಿಸಿದರೆ ಒಣಗುತ್ತದೆ. ತೊಡೆ ಅಥವಾ ಭುಜದ ಮಾಂಸ ಕೇಳಿ. ಪಪ್ಪಾಯಿ ಹಚ್ಚಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಬಾಬಿಗೆ ಸರಿ. ಇಷ್ಟು ದಪ್ಪ ತುಂಡಿಗೆ ಹಚ್ಚಿದರೆ ಮೇಲೆ ಗಂಜಿ, ಒಳಗೆ ಮರ.

ಗ್ರೇವಿಗೆ ಪ್ಯಾಕೆಟ್ ಸಾಸ್ ಹುಡುಕಬೇಡಿ. ಮಾಂಸವನ್ನು ತೆಗೆದು ಮುಚ್ಚಿ ಅರ್ಧ ಗಂಟೆ ಸುಮ್ನೆ ಬಿಡಿ. ಆ ಹೊತ್ತಿನಲ್ಲಿ ಪಾತ್ರೆಯಲ್ಲಿ ಉಳಿದ ರಸವನ್ನು ಜೋರು ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಕರಗಿದ ಈರುಳ್ಳಿಯನ್ನು ಸೌಟಿನಲ್ಲೇ ಮಸೆದು, ಒಂದು ಚಮಚ ವಿನೆಗರ್, ಚಿಟಿಕೆ ಸಕ್ಕರೆ ಹಾಕಿ. ಉಪ್ಪು ಕೊನೆಗೆ ನೋಡಿ, ಮೊದಲೇ ಸರಿಮಾಡಿದರೆ ರಸ ಇಳಿದ ಮೇಲೆ ಕಡು ಉಪ್ಪಾಗುತ್ತದೆ. ಬೇಯಿಸಿದ ಆಲೂಗಡ್ಡೆಯನ್ನು ಅದೇ ಪಾತ್ರೆಯ ತಳದಲ್ಲಿ ಹೊರಳಿಸಿ. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಹೆಪ್ಪುಗಟ್ಟಿ ಅಲುಗಾಡುತ್ತಿರುತ್ತದೆ, ಅದೇ ಆ ಅಂಟು. ಬಿಸಿ ಮಾಡಿ ರಾಗಿಮುದ್ದೆಗೆ ಹಾಕಿಕೊಳ್ಳುವುದು ನನ್ನ ಕೋಲಾರದ ಬುದ್ಧಿ, ಆಂಟಿ ಇದನ್ನು ಕಂಡರೆ ಮುಖ ಸಿಂಡರಿಸುತ್ತಾರೆ.

ಎಳೆ ಮರೆಯದಿರಲು ಆಂಟಿ ಹೇಳಿಕೊಟ್ಟ ಉಪಾಯ ಒಂದಿದೆ. ಮಸಾಲೆ ಸವರುವ ಮೊದಲು, ಹಸಿ ತುಂಡಿನ ಒಂದು ಮೂಲೆಯನ್ನು ಎಳೆಗೆ ಅಡ್ಡಲಾಗಿ ಚಿಕ್ಕದಾಗಿ ಕುಯ್ದುಬಿಡಿ. ಬೆಂದ ಮೇಲೆ ಆ ಮೊಂಡು ಮೂಲೆ ಹುಡುಕಿ, ಚಾಕುವನ್ನು ಆ ಕುಯ್ದ ಗೆರೆಯ ನೇರಕ್ಕೇ ಹಿಡಿದರೆ ಆಯಿತು. ಕುಯ್ದ ಚೂರನ್ನೂ ಪಾತ್ರೆಗೇ ಹಾಕಿ. ಬೆಂದಿದೆಯಾ ಅಂತ ನೋಡುವ ನೆಪದಲ್ಲಿ ನಮ್ಮ ಮನೆಯಲ್ಲಿ ಅದನ್ನು ತಿನ್ನುವುದು ನಾನೇ, ಒಲೆ ಹತ್ತಿರ ನಿಂತುಕೊಂಡೇ.